ಎಚ್ಚೆತ್ತ ರಕ್ತಕಣದ ಗುರುತು

ಶರೀರದೊಳಕ್ಕೆ ರೋಗಾಣು ನುಗ್ಗಿದಾಗ ಅದನ್ನು ಎದುರಿಸುವ ಹೊಣೆ ಬಿಳಿಯ ರಕ್ತಕಣಗಳದು. ಇವುಗಳಲ್ಲಿ ‘ಟಿ ಕಣ’ಗಳೆಂಬ ವರ್ಗವೊಂದುಂಟು. ಸಾಮಾನ್ಯ ಕಾಲದಲ್ಲಿ ವಿಶ್ರಾಂತ ಸ್ಥಿತಿಯಲ್ಲಿರುವ ಇವು ಶತ್ರುವಿನ ಸುಳಿವು ದೊರೆತೊಡನೆ ಎಚ್ಚರಗೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವಿಶ್ರಮಿಸುತ್ತಿರುವ ಕಣಕ್ಕೂ ಆಗತಾನೆ ಎಚ್ಚೆತ್ತ ಕಣಕ್ಕೂ ಭೇದವನ್ನು ಕಾಣುವುದು ಕಷ್ಟ. ಹಾಗಾದರೆ ವಿಜ್ಞಾನಿಗಳು ಅದನ್ನು ಅರಿಯುವ ಬಗೆ ಹೇಗೆ?

ಎಚ್ಚೆತ್ತ ಕಣವು ತನ್ನ ಹೊರಮೈಯಲ್ಲಿ ಕೆಲವು ವಿಶಿಷ್ಟ ಪ್ರೋಟೀನುಗಳನ್ನು ತೋರ್ಪಡಿಸುತ್ತದೆ. ಪ್ರಚೋದನೆಯಾದ ಕೆಲವೇ ಗಂಟೆಗಳಲ್ಲಿ ತಲೆದೋರುವುದು ಸಿ.ಡಿ. 69, ಸಿ.ಡಿ. 25 ಅದರ ಅನಂತರ ಬರುತ್ತದೆ. ಗುರುತುಗಳಿಗೆ ಹೀಗೆ ಸಂಖ್ಯೆ ನೀಡುವ ಪದ್ಧತಿಯು 1982ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಗೋಷ್ಠಿಯಿಂದ ಮೊದಲಾಯಿತು. ಹೊಳೆಯುವ ಬಣ್ಣವನ್ನು ಕೂಡಿಸಿದ ಪ್ರತಿಕಾಯವು ಈ ಗುರುತಿಗೆ ಅಂಟಿಕೊಂಡಾಗ, ಎಚ್ಚೆತ್ತ ಕಣಗಳೆಷ್ಟೆಂದು ಯಂತ್ರವು ಎಣಿಸಿ ಹೇಳುತ್ತದೆ.

ಆದರೆ ಆ ಪ್ರತಿಕಾಯವು ತಕ್ಕ ಗುರುತಿಗೇ ಅಂಟುತ್ತದೆಂಬುದಕ್ಕೆ ಆಧಾರವೇನು? ಅದನ್ನು ಪರೀಕ್ಷಿಸಲು ಶುದ್ಧವಾದ ಸಿ.ಡಿ. 69 ಬೇಕು. ರಕ್ತದಿಂದ ಬೇರ್ಪಡಿಸಲು ಹೊರಟರೆ ದೊರೆಯುವುದು ಅತ್ಯಲ್ಪ. ಆದಕಾರಣ ಆ ಪ್ರೋಟೀನಿನ ವಂಶವಾಹಿಯನ್ನು ಬ್ಯಾಕ್ಟೀರಿಯಕ್ಕೋ ಸಸ್ತನಿಯ ಜೀವಕೋಶಕ್ಕೋ ಸೇರಿಸಿ, ಅದರಿಂದಲೇ ಪ್ರೋಟೀನನ್ನು ತಯಾರಿಸಿಕೊಳ್ಳುತ್ತಾರೆ. ಇದೇ ಪುನಸ್ಸಂಯೋಜಿತ ಪ್ರೋಟೀನು. ಬ್ಯಾಕ್ಟೀರಿಯದ ವಿಧಾನ ಅಗ್ಗವಾದದ್ದು. ಆದರೆ ಅದು ಮಾನವ ಕಣದಂತೆ ಪ್ರೋಟೀನಿಗೆ ಸಕ್ಕರೆಯ ಸರಪಣಿಗಳನ್ನು ಜೋಡಿಸಲಾರದು. ಪ್ರೋಟೀನಿನ ಮಡಿಕೆಯೂ ಕೆಲವೊಮ್ಮೆ ತಪ್ಪುವುದುಂಟು.

ನಮ್ಮ ಜಿಲ್ಲೆಯ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರುವ ರೈತನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ತೂಕದ ಕಲ್ಲು ಸುಳ್ಳಾದರೆ ತಕ್ಕಡಿ ಎಷ್ಟು ಚೆನ್ನಾಗಿದ್ದರೇನು? ಪ್ರಯೋಗಶಾಲೆಯಲ್ಲಿ ಶುದ್ಧ ಪ್ರೋಟೀನು ಅಂತಹ ತೂಕದ ಕಲ್ಲು. ಅದು ಔಷಧವಲ್ಲ, ಸಂಶೋಧನೆಗೆ ಮಾತ್ರ ಮೀಸಲಾದದ್ದು. ಆದರೂ ಔಷಧದ ಅಳತೆ ಅಂತಹ ಪದಾರ್ಥಗಳನ್ನೇ ನೆಚ್ಚಿದೆ.

ಇದು ದೂರದ ನಾಡಿನ ಸಂಗತಿಯಲ್ಲ. 2013ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಇಟೋಲಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಬಳಕೆಗೆ ತಂದಿತು. ಅದು ಟಿ ಕಣಗಳ ಮೇಲಿನ ಸಿ.ಡಿ. 6 ಎಂಬ ಗುರುತಿಗೆ ಅಂಟಿ ಅವುಗಳ ಅತಿಯಾದ ಚಟುವಟಿಕೆಯನ್ನು ತಗ್ಗಿಸುತ್ತದೆ. ರಕ್ಷಕ ಕಣಗಳು ಎಚ್ಚರಗೊಳ್ಳದಿದ್ದರೆ ರೋಗಾಣುವಿನ ಭಯ. ಎಚ್ಚರವು ಅತಿಯಾದರೆ ಸ್ವಂತ ಶರೀರಕ್ಕೇ ಹಾನಿ. ಎಷ್ಟು ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಣಯದಲ್ಲಿ ಅಳತೆ ತಪ್ಪಿದರೆ ನಷ್ಟವಾಗುವುದು ರೋಗಿಗೆ.

ಶಾಲೆಯ ಪ್ರಯೋಗಾಲಯದಲ್ಲಿ ತಕ್ಕಡಿಯ ಮುಳ್ಳನ್ನು ಮೊದಲು ಸೊನ್ನೆಗೆ ನಿಲ್ಲಿಸಿ ಅನಂತರ ತೂಗಲು ಕಲಿತ ಬಾಲಕನು ಈ ವಿಜ್ಞಾನದ ಮೊದಲ ಪಾಠವನ್ನು ಆಗಲೇ ಕಲಿತಿದ್ದಾನೆ.