ಬಸ್ಸಿನ ಹಣೆಯಲ್ಲಿ ಮೂರು ಹೆಸರು

ಎಮರಿ ಕಾಗದದಿಂದ ತಗಡು ಉಜ್ಜುತ್ತಿದ್ದ ಹುಡುಗ ಕೈ ನಿಲ್ಲಿಸಿ ನನ್ನನ್ನು ಕರೆದ. ಬಸ್ಸಿನ ಹಣೆಯಲ್ಲಿ ನೀಲಿ ಬಣ್ಣ ಸವೆದು ಅಡಿಯಿಂದ ಕುಂಕುಮಗೆಂಪು ಎದ್ದಿತ್ತು. ಕೆಂಪಿನ ಮೇಲೆ ಹಳದಿ ಅಕ್ಷರ: ‘ಶ್ರೀ ದುರ್ಗಾ’. ಇನ್ನೊಂದು ಪದರವೂ ಹೋದ ಕಡೆ ಕೆನೆಬಣ್ಣದ ಮೇಲೆ ಇಂಗ್ಲಿಷಿನಲ್ಲಿ ‘ಸೈಂಟ್’ ಎಂಬಷ್ಟು ಉಳಿದಿತ್ತು. ಯಾವ ಸಂತರೋ, ಮುಂದಿನ ಹೆಸರು ಅಳಿಸಿಹೋಗಿತ್ತು. ಎಲ್ಲಕ್ಕಿಂತ ಮೇಲಿದ್ದ ನೀಲಿಯಲ್ಲಿ ಈಗಿನ ಮಾಲೀಕರ ಮಗಳ ಹೆಸರು. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಹೆದ್ದಾರಿಯಿಂದ ತುಸು ಒಳಗಿದ್ದ ಗ್ಯಾರೇಜಿನ ಅಂಗಳದಲ್ಲಿ ಕಂಡ ಆ ಹಣೆ ಇನ್ನೂ ನನ್ನ ಕಣ್ಣಿನಿಂದ ಹೋಗಿಲ್ಲ. ಮೂವರು ಮಾಲೀಕರ ಕೈ ದಾಟಿ ಬಂದ ಒಂದು ಸಿಟಿ ಬಸ್ಸು ತನ್ನ ಚರಿತ್ರೆಯನ್ನೆಲ್ಲ ಒಂದು ಗೇಣು ತಗಡಿನಲ್ಲಿ ಇಟ್ಟುಕೊಂಡಿತ್ತು.

ಬಸ್ಸು ಎಫ್‌ಸಿಗೆಂದು, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆಂದು, ಬಂದಿತ್ತು. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿವರ್ಷ ಎಫ್‌ಸಿ ಆಗಲೇಬೇಕು. ಅದಕ್ಕೆ ಮೊದಲು ಟಿಂಕರಿಂಗ್, ಪುಟ್ಟಿ, ಹೊಸ ಬಣ್ಣ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಹೊಯ್ಯುವ, ಉಪ್ಪುಗಾಳಿ ಬೀಸುವ ಮಂಗಳೂರಿನಲ್ಲಿ ಬಣ್ಣ ಬರೀ ಚಂದಕ್ಕಲ್ಲ, ತಗಡು ಉಳಿಯುವುದೇ ಅದರಿಂದ. ಆದರೆ ತಗಡು ಉಳಿಸಲು ಒಂದು ಬಣ್ಣ ಸಾಕಿತ್ತು. ಈ ಬಸ್ಸಿಗೆ ಸೊಂಟದ ಸುತ್ತ ಮೂರು ಬಣ್ಣದ ಪಟ್ಟೆ, ಚಕ್ರದ ಕಮಾನಿಗೆ ಬಳ್ಳಿ, ಹಿಂದಿನ ತಗಡಿನಲ್ಲಿ ಬಾಯ್ದೆರೆದ ಹುಲಿ. ದಸರೆಯಲ್ಲಿ ಹುಲಿವೇಷದವರ ಮೈಮೇಲೆ ನಾವು ನೋಡುವ ಹುಲಿ ಅದೇ.

ಹೆಸರು ಬರೆಯಲು ಬಂದಿದ್ದ ಹಿರಿಯ ಪೇಂಟರ್ ನೂಲಿಗೆ ಸೀಮೆಸುಣ್ಣ ಸವರಿ, ಎರಡೂ ತುದಿ ಬಿಗಿಹಿಡಿಸಿ, ನಡುವೆ ಎತ್ತಿ ಬಿಟ್ಟರು. ನೆಟ್ಟಗಿನ ಗೆರೆ ಬಿತ್ತು. ಅದರ ಮೇಲೆ ಅಕ್ಷರ, ಅಕ್ಷರಕ್ಕೆ ನೆರಳು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ನೆರಳಿನ ವಿದ್ಯೆ. ಇಂಗ್ಲಿಷ್ ಅಕ್ಷರಕ್ಕೆ ನೆರಳು ಕೊಡುವುದು ಸುಲಭ, ಕೆಳಗೆ ಜಾಗ ಖಾಲಿ ಇರುತ್ತದೆ. ಕನ್ನಡದಲ್ಲಿ ಅಕ್ಷರದ ನೆರಳು ಹೋಗಿ ಒತ್ತಿನ ಮೇಲೆ ಬೀಳುತ್ತದೆ. ‘ಶ್ರೀ ದುರ್ಗಾಪರಮೇಶ್ವರಿ ಪ್ರಸನ್ನ’ ಎಂಬ ಸಾಲನ್ನೇ ನೋಡಿ: ನಾಲ್ಕು ಒತ್ತು, ಒಂದು ಅರ್ಕಾವೊತ್ತು. ಹಣೆಯ ಉದ್ದವೋ, ಗಾಜಿನಷ್ಟು ಮಾತ್ರ. ಪೇಂಟರ್ ಒತ್ತನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸುತ್ತಾರೆ, ನೆರಳನ್ನು ಅಲ್ಲಿಗೆ ಮಾತ್ರ ತೆಳುವಾಗಿಸುತ್ತಾರೆ. ಮತ್ತೆ ಅರ್ಕಾವೊತ್ತು? “ಅದಕ್ಕೆ ದಪ್ಪ ನೆರಳು ಕೊಟ್ರೆ ಒಂಬತ್ತು ಅಂತ ಓದ್ತಾರೆ ಮಾರಾಯ್ರೇ” ಎಂದರು ಅವರು, ಬ್ರಷ್ ಎತ್ತದೆಯೇ. ಹಾಗಾಗಿ ಅದೊಂದಕ್ಕೆ ನೆರಳಿಲ್ಲ, ಸುತ್ತ ಬಿಳಿಯ ಸಪೂರ ಅಂಚು ಮಾತ್ರ. ಅಲ್ಲಿಂದ ಹೊರಟ ಮೇಲೆ ದಾರಿಯಲ್ಲಿ ಎದುರಾದ ಪ್ರತಿ ಬಸ್ಸಿನ ಅರ್ಕಾವೊತ್ತನ್ನೂ ನೋಡಿದ್ದೇನೆ. ಕೈಬರಹದವುಗಳಲ್ಲಿ ಅದು ದೂರದಿಂದಲೇ ತಿಳಿಯುತ್ತದೆ. ರೇಡಿಯಂ ಕಟ್ಟಿಂಗ್‌ನವುಗಳಲ್ಲಿ ಕಂಪ್ಯೂಟರ್ ಕೊಟ್ಟ ಒತ್ತು ಸಣ್ಣದಾಗಿ, ಎರಡು ಮಳೆಗಾಲದಲ್ಲಿ ಅಂಚು ಎದ್ದು, ಓದಲು ಬರುವುದಿಲ್ಲ. ರೇಡಿಯಂ ಅಗ್ಗ, ಒಂದೇ ದಿನದ ಕೆಲಸ, ಮಾಲೀಕರಿಗೆ ಅದೇ ಅನುಕೂಲ ಎಂದು ನನಗೂ ಗೊತ್ತು. ಆದರೂ ಅದು ಒಳ್ಳೆಯ ಕೆಲಸವೆಂದು ಒಪ್ಪಲು ನನಗೆ ಮನಸ್ಸಿಲ್ಲ.

ಈ ಬಣ್ಣವೆಲ್ಲ ಕರಾವಳಿಯಲ್ಲೇ ಏಕೆ ಎಂಬುದಕ್ಕೆ ಕಾರಣ ಸರಳ. ಮೈಸೂರು ಸಂಸ್ಥಾನದಲ್ಲಿ 1948ರಲ್ಲೇ ಸರ್ಕಾರಿ ಸಾರಿಗೆ ಇಲಾಖೆ ಹುಟ್ಟಿತು. ನಾವು ಆಗ ಮದ್ರಾಸಿನವರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಇಲ್ಲಿ ಖಾಸಗಿ ಕಂಪೆನಿಗಳು ಬೇರುಬಿಟ್ಟಾಗಿತ್ತು. ಸಿಪಿಸಿ, ಹನುಮಾನ್, ಶಂಕರ್ ವಿಠಲ್ ಎಂಬ ಹೆಸರುಗಳನ್ನು ಈ ಪುಟದ ಓದುಗರಿಗೆ ಪರಿಚಯಿಸಬೇಕಿಲ್ಲ. ಸ್ಟೇಟ್‌ಬ್ಯಾಂಕಿನಿಂದ ಜ್ಯೋತಿ, ಮಲ್ಲಿಕಟ್ಟೆ, ನಂತೂರು ದಾಟಿ ಬಿಕರ್ನಕಟ್ಟೆ, ಕುಲಶೇಖರಕ್ಕೆ ಬರುವ ಸಿಟಿ ಬಸ್ಸುಗಳಿಗೂ ಒಬ್ಬರೇ ಮಾಲೀಕರಲ್ಲ. ಒಂದರ ಹಿಂದೆ ಇನ್ನೊಂದು, ನಡುವೆ ಕೆಲವೇ ನಿಮಿಷದ ಟೈಮಿಂಗ್. ಬಿಕರ್ನಕಟ್ಟೆಯ ಕೈಕಂಬದಲ್ಲಿ ನಿಂತವರು ದೂರದಲ್ಲೇ ತಮ್ಮ ಬಸ್ಸನ್ನು ಗುರುತು ಹಿಡಿಯಬೇಕು, ಇನ್ನೊಂದಕ್ಕೆ ಹತ್ತಬಾರದು. ರೂಟ್ ನಂಬರ್ ಎಲ್ಲರಿಗೂ ಒಂದೇ, ಹಾಗಾಗಿ ಬೇರೆ ಮಾಡಿ ತೋರಿಸುವುದು ಹೆಸರು ಮತ್ತು ಬಣ್ಣ. ಬೆಳಗ್ಗಿನ ಬಸ್ಸನ್ನು ನಂಬರಿನಿಂದಲ್ಲ, ಹೆಸರಿನಿಂದಲೇ ಕರೆದು “ಅದು ಹೋಯ್ತಾ?” ಎಂದು ಕೇಳುವ ಊರು ನಮ್ಮದು. ಸರ್ಕಾರಿ ಸಾರಿಗೆಯ ನರ್ಮ್ ಬಸ್ಸಿಗೆ ಹಾಗೊಂದು ಹೆಸರಿಲ್ಲ. ಅದು ಬಂದರೂ ನರ್ಮ್, ಹೋದರೂ ನರ್ಮ್.

ತಲಪಾಡಿ ದಾಟಿದರೆ ಚಿತ್ರ ಬೇರೆ. ಕೇರಳ 2018ರಲ್ಲಿ ಖಾಸಗಿ ಬಸ್ಸುಗಳಿಗೆ ಏಕರೂಪದ ಬಣ್ಣ ಗೊತ್ತುಮಾಡಿತು: ಸಿಟಿಗೆ ಹಸಿರು, ಗ್ರಾಮಾಂತರಕ್ಕೆ ನೀಲಿ, ಲಿಮಿಟೆಡ್ ಸ್ಟಾಪಿಗೆ ಕಡುಗೆಂಪು. 2022ರಲ್ಲಿ ವಡಕ್ಕಂಚೇರಿಯ ಅಪಘಾತದಲ್ಲಿ ಒಂಬತ್ತು ಜನ ಸತ್ತ ಮೇಲೆ ಟೂರಿಸ್ಟ್ ಬಸ್ಸುಗಳಿಗೂ ಬಿಳಿ ಬಣ್ಣದ ನಿಯಮ ಬಿಗಿಯಾಗಿ ಜಾರಿಯಾಯಿತು. ನೈರೋಬಿಯ ಮಟಾಟು ಎಂಬ ಖಾಸಗಿ ಮಿನಿಬಸ್ಸುಗಳಿಗೆ 2004ರಲ್ಲಿ ಹಳದಿ ಪಟ್ಟೆ ಬಳಿಸಿದ್ದರು; ಚಿತ್ರಗಳು ಮತ್ತೆ ಮರಳಿ ಬಂದವು. ಪನಾಮಾ ನಗರದ ‘ಕೆಂಪು ದೆವ್ವ’ ಬಸ್ಸುಗಳು ಮಾತ್ರ 2013ರಲ್ಲಿ ರಸ್ತೆ ಬಿಟ್ಟವು. ಕಣ್ಣು ಕುಕ್ಕುವ ಎಲ್‌ಇಡಿ, ಹಿಂದಿನ ಗಾಜನ್ನೇ ಮುಚ್ಚುವ ಸ್ಟಿಕ್ಕರ್, ಕಿವಿ ಸೀಳುವ ಹಾರ್ನ್, ಇವುಗಳ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಟೈಮಿಂಗ್‌ಗಾಗಿ ಓಡಿಸುವ ವೇಗದ ಪರವಾಗಿಯೂ ಇಲ್ಲ. ಆದರೆ ತಗಡಿನ ಮೇಲಿನ ಹುಲಿ ಯಾರ ಮೇಲೂ ಹರಿದಿಲ್ಲ. ವೇಗಕ್ಕೆ ದಂಡ ಹಾಕಿ, ಹುಲಿಯನ್ನು ಬಿಡಿ.

ಬಿಕರ್ನಕಟ್ಟೆಯ ಹೆಸರು ಈಚೆಗೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಸಾಣೂರಿನವರೆಗಿನ 45 ಕಿ.ಮೀ. ಚತುಷ್ಪಥದ ಕಾರಣಕ್ಕೆ. ರಸ್ತೆ ಅಗಲವಾಗುತ್ತಿದ್ದಂತೆ ಅಂಚಿನ ಗ್ಯಾರೇಜುಗಳು ಒಳಗೆ ಸರಿಯುತ್ತವೆ, ಹಳೆ ಬಸ್ಸು ಗುಜರಿಗೆ ಹೋಗುತ್ತದೆ, ಹಣೆಯ ತಗಡು ಕಿಲೋ ಲೆಕ್ಕದಲ್ಲಿ ತೂಗಿಸಿಕೊಳ್ಳುತ್ತದೆ. ಇದೇ ರಸ್ತೆಯಲ್ಲಿ ಮುಂದೆ ಹೋಗಿ ವಾಮಂಜೂರಿನಲ್ಲಿ ತಿರುಗಿದರೆ ಪಿಲಿಕುಳ. ಅಲ್ಲಿನ ಕುಶಲಕರ್ಮಿ ಗ್ರಾಮದಲ್ಲಿ ಕುಂಬಾರಿಕೆಗೆ, ನೇಯ್ಗೆಗೆ ಜಾಗವಿದೆ. ಬಸ್ಸಿಗೆ ಹೆಸರು ಬರೆಯುವವರಿಗೂ ಅಲ್ಲೊಂದು ಮಾಡು ಕಟ್ಟಿಕೊಡಬೇಕು, ಗುಜರಿಯಿಂದ ಬಿಡಿಸಿದ ನಾಲ್ಕು ಹಣೆಗಳನ್ನು ಗೋಡೆಗೆ ತೂಗಬೇಕು. ಮಾಲೀಕರಲ್ಲೂ ಒಂದು ಬಿನ್ನಹ: ಗಾಡಿ ಕೊಡುವ ಮೊದಲು ಹಣೆಯ ತಗಡನ್ನು ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ. ಅದನ್ನು ಉಜ್ಜಬೇಡಿ.