ನೆಟ್ಟ ಕೈಯೇ ನೀರೆರೆಯಲಿ

ಮುಂಗಾರು ಕಾಲಿಟ್ಟು ಶಾಲೆಗಳ ಬಾಗಿಲು ತೆರೆದುವೆಂದರೆ ಮುಂಬಯಿಯಲ್ಲಿ ಸಸಿ ನೆಡುವ ಸಮಾರಂಭಗಳಿಗೆ ಬರವಿಲ್ಲ. ಗಣ್ಯರೊಬ್ಬರು ಬರುತ್ತಾರೆ, ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಒಂದು ಹಿಡಿ ಮಣ್ಣು, ಒಂದು ತಂಬಿಗೆ ನೀರು, ಒಂದು ಛಾಯಾಚಿತ್ರ. ಉಪಾಹಾರ ಮುಗಿದಾಗ ಅಂಗಳದಲ್ಲಿ ಉಳಿಯುವುವು ಎರಡು ವಸ್ತುಗಳು: ಎಳೆಯ ಸಸಿ ಮತ್ತು ಅದರ ಸುತ್ತ ಚೆಲ್ಲಿದ ಪ್ಲಾಸ್ಟಿಕ್ ಪೊಟ್ಟಣಗಳು. ಮರುವರ್ಷದ ಜೂನಿನಲ್ಲಿ ಹೋಗಿ ನೋಡಿದರೆ ಎಷ್ಟೋ ಕಡೆ ಸಸಿಯ ಸುಳಿವಿರುವುದಿಲ್ಲ. ಪೊಟ್ಟಣ ಮಾತ್ರ ಮಣ್ಣಿನೊಳಗೆ ಸುಖವಾಗಿರುತ್ತದೆ.

ಸದುದ್ದೇಶಕ್ಕೆ ನಮ್ಮ ದೇಶದಲ್ಲಿ ಕೊರತೆಯಿಲ್ಲ. ಅಂದಿನ ಕೇಂದ್ರ ಮಂತ್ರಿ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದ್ದು 1950ರಲ್ಲಿ. ಪರಿಸರದ ಪಾಠ ಶಾಲೆಗಳಲ್ಲಿ ನಡೆಯತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ 1991ರಲ್ಲಿಯೇ ನಿರ್ದೇಶಿಸಿತು. ಪ್ಲಾಸ್ಟಿಕ್ ಚೀಲಗಳನ್ನು ಮಹಾರಾಷ್ಟ್ರ ಸರಕಾರ 2018ರಲ್ಲಿ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ ಬಂದಿತು. ಕಾನೂನು ಪುಸ್ತಕದಲ್ಲಿದೆ, ಪೊಟ್ಟಣ ಬೀದಿಯಲ್ಲಿದೆ. ಇವೆರಡರ ನಡುವಿನ ಅಂತರವನ್ನು ತುಂಬಬಲ್ಲದ್ದು ಅಭ್ಯಾಸವೊಂದೇ. ಅಭ್ಯಾಸ ಹಿಡಿಯುವ ವಯಸ್ಸು ಬಾಲ್ಯ.

ಈ ವಿಷಯ ಮುಂಬಯಿಯವರಿಗೆ ಬರಿಯ ಅಂದಚಂದದ ಪ್ರಶ್ನೆಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರವೇ ಮುಳುಗಿದ್ದನ್ನು ಕಂಡವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಅಂದಿನ ಅನಾಹುತಕ್ಕೆ ಕಾರಣಗಳು ಹಲವು: ಸಮುದ್ರದ ಉಬ್ಬರ, ಒತ್ತುವರಿಯಿಂದ ಕಿರಿದಾದ ಮಿಠಿ ನದಿ, ಗಂಟೆಗೆ 25 ಮಿಲಿಮೀಟರ್ ಮಳೆಗಷ್ಟೇ ಸಾಲುವ ಹಳೆಯ ಮೋರಿಗಳು. ಆ ಮೋರಿಗಳ ಬಾಯಿಗೆ ಮೆತ್ತಿಕೊಂಡ ಪ್ಲಾಸ್ಟಿಕ್ ಚೀಲವೂ ಅವುಗಳಲ್ಲೊಂದು. ಉಬ್ಬರವನ್ನು ತಡೆಯುವುದು ಮನುಷ್ಯರ ಕೈಯಲ್ಲಿಲ್ಲ. ಚೀಲವನ್ನು ತಡೆಯುವುದು ಒಂದು ಮಗುವಿನ ಕೈಯಲ್ಲೂ ಇದೆ.

ಆದುದರಿಂದ ಶಾಲೆಗಳ ಮುಂದೆ ನಾವಿಡುವ ಸಲಹೆ ಇಷ್ಟೇ: ಮಕ್ಕಳಿಗೆ ಸಮಾರಂಭವನ್ನು ಕೊಡಬೇಡಿ, ಹೊಣೆಯನ್ನು ಕೊಡಿ. ನೂರು ಸಸಿಗಳನ್ನು ಒಂದು ದಿನ ನೆಡುವುದಕ್ಕಿಂತ ಐದು ಸಸಿಗಳನ್ನು ಮೂರು ವರ್ಷ ಸಾಕುವುದು ಮೇಲು. ಒಂದು ತರಗತಿಗೆ ಒಂದು ಸಸಿ, ಒಂದು ಲೆಕ್ಕದ ಪುಸ್ತಕ. ಎಷ್ಟು ಗೇಣು ಬೆಳೆಯಿತು, ಯಾರು ನೀರೆರೆದರು, ಯಾವ ಎಲೆಗೆ ಹುಳು ಬಿತ್ತು, ಎಲ್ಲವನ್ನೂ ಮಕ್ಕಳೇ ಬರೆಯಲಿ. ಗಲ್ಲಾದ ಮುಂದೆ ವರ್ಷಗಳನ್ನು ಕಳೆದ ನಾವು ಬಲ್ಲೆವು, ದಿನದ ಲೆಕ್ಕವನ್ನು ಅಂದೇ ಬರೆಯದ ಹೋಟೆಲು ಬಹುಕಾಲ ಉಳಿಯದು. ಸಸಿಯ ಗತಿಯೂ ಹಾಗೆಯೇ.

ಮೊದಲನೆಯ ಪಾಠ ನೆಡುವಾಗಲೇ ಇದೆ. ಸಸ್ಯಕ್ಷೇತ್ರದಿಂದ ಸಸಿ ಬರುವುದು ಸಾಮಾನ್ಯವಾಗಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ. ಅದನ್ನು ಹಾಗೆಯೇ ಹೂತರೆ ಬೇರಿಗೆ ಸೆರೆಮನೆ. ಚೀಲವನ್ನು ಮಣ್ಣು ಚೆದುರದಂತೆ ಬಿಡಿಸಿ, ಎಣಿಸಿ, ಕೊಟ್ಟವರಿಗೇ ಹಿಂದಿರುಗಿಸುವ ಕೆಲಸ ಮಕ್ಕಳದಾಗಲಿ. ಎರಡನೆಯದು, ಬುಡಕ್ಕೆ ಜಾಗ. ನಮ್ಮ ಶಾಲೆಗಳ ಅಂಗಳಗಳಲ್ಲಿ ಪೇವರ್ ಬ್ಲಾಕುಗಳು ಮರದ ಕುತ್ತಿಗೆಯವರೆಗೂ ಬಂದಿವೆ; ಮಳೆನೀರು ಬೇರಿಗಿಳಿಯುವ ದಾರಿಯಿಲ್ಲ. ದೆಹಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ಆಜ್ಞೆ ಮಾಡಿತು. ಅಳತೆಯ ಪಟ್ಟಿ ಹಿಡಿದು ಆ ಒಂದು ಮೀಟರನ್ನು ತಮ್ಮ ಅಂಗಳದಲ್ಲಿ ಗುರುತಿಸುವುದು ಯಾವ ಮಕ್ಕಳಿಗೆ ಅಸಾಧ್ಯ? ಇನ್ನು ಮರದ ಆಯ್ಕೆ: ಹೊಂಗೆ, ಬೇವು, ನೇರಳೆ, ಹೊಳೆದಾಸವಾಳ, ಕಡಲ ಗಾಳಿಗೆ ಹೆದರದ ಸುರಹೊನ್ನೆ. ನಮ್ಮ ಕರಾವಳಿಯಲ್ಲಿ ಬೆಳೆದುವು ಇಲ್ಲಿಯೂ ಬೆಳೆಯುತ್ತವೆ, ನಾವು ಬೆಳೆದಿಲ್ಲವೆ?

ನಿಜವಾದ ಪರೀಕ್ಷೆ ಬರುವುದು ಮೇ ತಿಂಗಳಿನಲ್ಲಿ. ಮಳೆಗಾಲದಲ್ಲಿ ಸಸಿಯನ್ನು ಆಕಾಶವೇ ನೋಡಿಕೊಳ್ಳುತ್ತದೆ. ಬಿಸಿಲು ಉಗ್ರವಾಗುವ ಹೊತ್ತಿಗೆ ಸರಿಯಾಗಿ ಶಾಲೆಗೆ ಬೀಗ ಬೀಳುತ್ತದೆ, ನಮ್ಮ ಮಕ್ಕಳು ಊರಿನ ಬಸ್ಸು, ರೈಲು ಹತ್ತುತ್ತಾರೆ. ಸಸಿ ಒಣಗುವುದು ಆ ವಾರಗಳಲ್ಲಿಯೇ. ಇದಕ್ಕೆ ಉಪಾಯ ಕಠಿಣವಲ್ಲ. ಊರಿಗೆ ಹೋಗದ ಮಕ್ಕಳ ಸರದಿ ಪಟ್ಟಿ ಎಪ್ರಿಲಿನಲ್ಲಿಯೇ ಸಿದ್ಧವಾಗಲಿ. ಶಾಲೆಯ ಬಳಿಯ ಹೋಟೆಲಿನವರು ಅಕ್ಕಿ, ತರಕಾರಿ ತೊಳೆದ ನೀರನ್ನು, ಉಪ್ಪು ಸಾಬೂನು ಸೇರದಂತೆ, ದಿನಕ್ಕೆರಡು ಕೊಡಪಾನ ತೆಗೆದಿಡಲಿ. ಮೋರಿಗೆ ಹೋಗುವ ನೀರು ಮರವಾಗುವುದಾದರೆ ಯಾವ ಹೋಟೆಲಿಗೂ ನಷ್ಟವಿಲ್ಲ.

ಸಾಲುಮರದ ತಿಮ್ಮಕ್ಕನವರ ಹೆಸರನ್ನು ಭಾಷಣಗಳಲ್ಲಿ ಕೇಳದ ಕನ್ನಡ ಮಗುವಿಲ್ಲ. 2019ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ಅಗಲಿದ ಆ ತಾಯಿಯ ಹಿರಿಮೆ ನೆಟ್ಟುದರಲ್ಲಷ್ಟೇ ಇಲ್ಲ. ಹುಲಿಕಲ್ಲು, ಕುದೂರುಗಳ ನಡುವಿನ ರಸ್ತೆಯಲ್ಲಿ ಆಲದ ಸಸಿಗಳಿಗೆ ಪತಿಯೊಡನೆ ಕೊಡದಲ್ಲಿ ನೀರು ಹೊತ್ತು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ ಸಾಕಿದರು. ಶಾಲೆಯ ಮೆಟ್ಟಿಲು ಹತ್ತದ ಅವರು ಇಂದು ಶಾಲೆಗಳಿಗೆ ಪಾಠ.

ಪ್ಲಾಸ್ಟಿಕಿನ ಲೆಕ್ಕವೂ ಅದೇ ಪುಸ್ತಕದಲ್ಲಿರಲಿ. ಒಂದು ವಾರ ತರಗತಿಯ ಕಸವನ್ನು ಬೇರ್ಪಡಿಸಿ ಎಣಿಸಿದರೆ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ: ನೀರಿನ ಬಾಟ್ಲಿಯನ್ನೂ ಹಾಲಿನ ತೊಟ್ಟೆಯನ್ನೂ ಭಂಗಾರದವನು ಕೊಳ್ಳುತ್ತಾನೆ, ಹೊಳೆಯುವ ಚಿಪ್ಸಿನ ಪೊಟ್ಟಣವನ್ನು ಮುಟ್ಟುವುದಿಲ್ಲ. ಅದರಲ್ಲಿ ಲೋಹದ ಪದರವೂ ಪ್ಲಾಸ್ಟಿಕ್ಕೂ ಬಿಡಿಸಲಾರದಂತೆ ಬೆಸೆದಿವೆ. ಹಾಲಿನ ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಿದರೆ ಆ ಚೂರು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ; ಅಂಟಿಕೊಂಡಿರುವಂತೆ ಕತ್ತರಿಸಿದರೆ ತೊಟ್ಟೆಯೊಡನೆಯೇ ಹೋಗುತ್ತದೆ. ಇದನ್ನು ಮನೆಯಲ್ಲಿ ತಾಯಿಗೆ ಹೇಳಿಕೊಡುವವರು ಮಕ್ಕಳೇ ಆಗಲಿ.

ಆದರೆ ಮಕ್ಕಳಿಗೆ ಹೊಣೆ ಹೊರಿಸಿ ಹಿರಿಯರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಪೊಟ್ಟಣವನ್ನು ಮಗುವಿನ ಕೈಗೆ ಕೊಡುವವರು ನಾವೇ ತಾನೆ? ಬಾಳೆಲೆಯಲ್ಲಿ ಉಂಡು, ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿದವರು ನಮ್ಮವರು. ಮನೆಯಿಂದ ಸ್ಟೀಲಿನ ಡಬ್ಬಿ ತಂದ ಗಿರಾಕಿಗೆ ಹೋಟೆಲಿನವರು ನಗುಮುಖದಿಂದ ಸಾಂಬಾರು ತುಂಬಿ ಕೊಡಲಿ. ಸಂಘಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ನೀರಿನ ಪುಟ್ಟ ಬಾಟ್ಲಿಗಳ ಬದಲು ಹಂಡೆಯೂ ಲೋಟವೂ ಬರಲಿ.

ಬರುವ ಮುಂಗಾರಿಗೆ ಸಸಿ ನೆಡಲು ಹೊರಟಿರುವ ಶಾಲೆಗಳಲ್ಲಿಯೂ ಸಂಘಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಅತಿಥಿಗಳ ಹೆಸರನ್ನು ಗೊತ್ತುಮಾಡುವ ಮುನ್ನ, ಮೇ ತಿಂಗಳಿನಲ್ಲಿ ನೀರೆರೆಯುವವರ ಹೆಸರನ್ನು ಗೊತ್ತುಮಾಡಿರಿ.