ಕೇಪ್ ಬ್ರೆಟನ್ ದ್ವೀಪದ ಕಡಲ ಪ್ರದಕ್ಷಿಣೆ

ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆಯೆಂದು ಬಾಲ್ಯದಿಂದಲೂ ಬಲ್ಲೆವು. ಆದರೆ ದ್ವೀಪವೊಂದನ್ನು ಮೋಟಾರಿನಲ್ಲಿ ಸುತ್ತಬೇಕಾದಾಗಲೂ ಇದೇ ಎಡಬಲದ ವಿಚಾರ ಎದುರಾಗುವುದೆಂದು ನಾವು ಎಣಿಸಿರಲಿಲ್ಲ.

ಕೆನಡಾ ದೇಶದ ಪೂರ್ವದಂಚಿನ ನೋವಾ ಸ್ಕೋಷಿಯಾ ಪ್ರಾಂತಕ್ಕೆ ಸೇರಿದ ಕೇಪ್ ಬ್ರೆಟನ್ ಎಂಬ ದ್ವೀಪವಿದೆ. ಮೂಲನಿವಾಸಿಗಳಾದ ಮಿಕ್‌ಮಾ ಜನರು ಇದನ್ನು ಉನಮಾಕಿ ಎನ್ನುವರು. 1955ರಲ್ಲಿ ಕ್ಯಾನ್ಸೋ ಜಲಸಂಧಿಗೆ ಅಡ್ಡಲಾಗಿ ಕಲ್ಲಿನ ಸೇತುವಾದಂದಿನಿಂದ ದೋಣಿಯ ಹಂಗಿಲ್ಲದೆ ವಾಹನದಲ್ಲಿಯೇ ಅಲ್ಲಿಗೆ ಹೋಗಬಹುದು. ದ್ವೀಪದ ಉತ್ತರಭಾಗವನ್ನು ಬಳಸಿ ಬರುವ ಹಾದಿಗೆ ಕ್ಯಾಬಟ್ ಟ್ರೇಲ್ ಎಂದು ಹೆಸರು. 1497ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ನಾವಿಕ ಜಾನ್ ಕ್ಯಾಬಟನ ಹೆಸರದು. 1932ರಲ್ಲಿ ಪೂರ್ಣಗೊಂಡ ಈ ಸುತ್ತಿನ ಉದ್ದ 298 ಕಿಲೋಮೀಟರು.

“ಇಷ್ಟೇ ತಾನೇ, ಮಾವನವರೇ! ಬೆಳಗ್ಗೆ ಹೊರಟರೆ ರಾತ್ರಿಯೂಟಕ್ಕೆ ಹಿಂದಿರುಗಬಹುದು” ಎಂದರು ನಮ್ಮ ಅಳಿಯಂದಿರು. ಲೆಕ್ಕವೇನೋ ಸರಿಯೇ. ಆದರೆ ಲೆಕ್ಕದಲ್ಲಿ ಬೆಟ್ಟದ ತಿರುವುಗಳೂ ಮಂಜೂ ನಮ್ಮ ಮನೆಯವರ ತಲೆಸುತ್ತೂ ಸೇರಿರಲಿಲ್ಲ.

ಆ ದೇಶದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಸಾಗುವುವು. ಆದುದರಿಂದ ಪ್ರದಕ್ಷಿಣವಾಗಿ ಹೊರಟವರಿಗೆ ಬೆಟ್ಟದ ಮಗ್ಗುಲು ದೊರೆಯುವುದು. ಪ್ರಪಾತವನ್ನು ಕಂಡರೆ ಎದೆ ನಡುಗುವವರಿಗೆ ಇದೇ ಲೇಸು. ಅಪ್ರದಕ್ಷಿಣವಾಗಿ ಹೊರಟವರಿಗೆ ಕಡಲ ಮಗ್ಗುಲು. ನೋಟವೂ ಹೆಚ್ಚು, ಗಾಡಿಯನ್ನು ನಿಲ್ಲಿಸಿ ನೋಡುವುದೂ ಸುಲಭ. ಬೆಳಗಿನ ಬಿಸಿಲು ಪೂರ್ವತೀರಕ್ಕೂ ಸೂರ್ಯಾಸ್ತದ ಬಣ್ಣ ಪಶ್ಚಿಮತೀರಕ್ಕೂ ಸಲ್ಲುವುದರಿಂದ ನಾವು ಎರಡನೆಯದನ್ನೇ ಆರಿಸಿಕೊಂಡೆವು.

ಬೆಡ್ಡೆಕ್ ಎಂಬ ಊರಿನಿಂದ ಹೊರಟೆವು. ದೂರವಾಣಿಯನ್ನು ನಿರ್ಮಿಸಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ನೆಲೆಸಿದ್ದು ಇಲ್ಲಿಯೇ; 1922ರಲ್ಲಿ ತೀರಿಕೊಂಡ ಆತನ ಸಮಾಧಿಯೂ ಇಲ್ಲಿಯ ಬೆಟ್ಟದ ಮೇಲಿದೆ. ಅಲ್ಲಿಂದ ಸೇಂಟ್ ಆನ್ಸ್ ಮಾರ್ಗವಾಗಿ ಕೇಪ್ ಸ್ಮೋಕಿ ಬೆಟ್ಟವನ್ನೇರಿ ಇಂಗನಿಷ್ ಗ್ರಾಮವನ್ನು ಮುಟ್ಟಿದೆವು. ಕಂಡಕಂಡಲ್ಲಿ ಇಳಿದು ನಿಂತುದರಿಂದ ನಾರ್ತ್ ಮೌಂಟನ್ ಬೆಟ್ಟವನ್ನು ಹತ್ತುವಷ್ಟರಲ್ಲಿ ಮುಸ್ಸಂಜೆಯಾಯಿತು. ಮಂಜು ಕವಿಯಿತು. ತಿರುವೊಂದರಲ್ಲಿ, ಹತ್ತು ಮಾರು ದೂರದಲ್ಲಿ, ಕುದುರೆಯಷ್ಟೆತ್ತರದ ಕರಿಯ ಆಕಾರವೊಂದು ದಾರಿಗಡ್ಡ ನಿಂತಿತ್ತು! ಜಿಂಕೆಯ ಕುಲದಲ್ಲೆಲ್ಲ ದೊಡ್ಡದಾದ ಮೂಸ್ ಎಂಬ ಮೃಗವದು. ಅಳಿಯಂದಿರು ಬ್ರೇಕನ್ನು ಒತ್ತಿದರು, ಗಾಡಿ ನಿಂತಿತು. ಮೃಗವು ನಮ್ಮತ್ತ ಒಮ್ಮೆ ನೋಡಿ ಕಾಡಿಗಿಳಿಯಿತು. ಹಿಂದಿನ ಆಸನದಲ್ಲಿ ಮೊಮ್ಮಗಳು ನಿದ್ರಿಸುತ್ತಿದ್ದಳು. ಕೈಯಲ್ಲಿದ್ದ ಮೊಬೈಲಿಗೆ ಅಲ್ಲಿ ಸಂಪರ್ಕವೇ ಇರಲಿಲ್ಲ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

“ಇನ್ನು ಸಾಕು, ಮಾವನವರೇ” ಎಂದು ಅಳಿಯಂದಿರೇ ನುಡಿದರು. ಪ್ಲೆಸೆಂಟ್ ಬೇ ಗ್ರಾಮದಲ್ಲಿ ತಂಗಿದೆವು. ಆ ರಾತ್ರಿ ಕೊಠಡಿಗಳು ತೆರವಿದ್ದುದು ನಮ್ಮ ಪುಣ್ಯ.

ಮಾರನೆಯ ದಿನ ಬೆಳಕಿನಲ್ಲಿ ಮೆಕೆಂಜಿ ಮತ್ತು ಫ್ರೆಂಚ್ ಎಂಬ ಬೆಟ್ಟಗಳನ್ನು ದಾಟಿ ಕಾಪ್ ರೂಜ್ ತೀರಕ್ಕೆ ಬಂದೆವು. ಕೆಂಬಂಡೆಗಳ ಕೆಳಗೆ ನೀಲಸಮುದ್ರ, ಮನೆಯೊಂದೂ ಇಲ್ಲ. ‘ಎಂತಹ ನಿರ್ಮಲ ಪ್ರಕೃತಿ!’ ಎಂದುಕೊಂಡೆವು. ಆದರೆ ಅಲ್ಲಿ ಮನೆಗಳಿದ್ದುವು. 1936ರಲ್ಲಿ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿದಾಗ, ಅಕೇಡಿಯನರೆಂಬ ಫ್ರೆಂಚ್ ನುಡಿಯ ಬೆಸ್ತರ ಮತ್ತು ಬೇಸಾಯಗಾರರ ಕುಟುಂಬಗಳನ್ನು ಸರ್ಕಾರವು ಅಲ್ಲಿಂದ ಎಬ್ಬಿಸಿತು. ಲೆ ಬುಟ್ಟೆರೋ ಎಂಬ ಕಾಲುದಾರಿಯಲ್ಲಿ ನಡೆದವರಿಗೆ ಹಳೆಯ ವಸತಿಗಳ ಕುರುಹುಗಳು ಇಂದಿಗೂ ಕಾಣಸಿಗುವುವು. “ಒಲೆ ಎಲ್ಲಿದ್ದಿತೋ!” ಎಂದರು ನಮ್ಮ ಮನೆಯವರು. ಒಂದೇ ದಿನದಲ್ಲಿ ಸುತ್ತಿ ಮುಗಿಸಿದ್ದರೆ ಇದನ್ನು ಕತ್ತಲೆಯಲ್ಲಿ ದಾಟಿಹೋಗುತ್ತಿದ್ದೆವು.

ಅಲ್ಲಿಂದ ಷೆಟಿಕ್ಯಾಂಪ್ ಊರಿಗೆ ಹೋಗಿ, ಸ್ಥಳಾಂತರಗೊಂಡವರ ನೆರೆಯ ಬಂಧುಗಳ ನುಡಿಯನ್ನು ಕಿವಿಯಾರೆ ಕೇಳಿ, ಮಾರ್ಗರೀ ಕಣಿವೆಯ ಮೂಲಕ ಬೆಡ್ಡೆಕ್‌ಗೆ ಹಿಂದಿರುಗಿದೆವು.

ಹೋಗಬಯಸುವ ಗೃಹಸ್ಥರಿಗೆ ನಮ್ಮ ಸೂಚನೆಗಳು ಇಷ್ಟೇ. ಜೂನ್ ತಿಂಗಳಿಂದ ಅಕ್ಟೋಬರಿನವರೆಗೆ ಕಾಲ ಪ್ರಶಸ್ತ; ಎಲೆಗಳು ಕೆಂಪೇರುವುದನ್ನು ನೋಡಬೇಕಾದರೆ ಅಕ್ಟೋಬರ್ ಉತ್ತಮ. ಎರಡು ರಾತ್ರಿಗಳ ತಂಗುದಾಣವನ್ನು ಮುಂಚಿತವಾಗಿ ಗೊತ್ತುಮಾಡತಕ್ಕದ್ದು. ಬೆಟ್ಟವೇರುವ ಮೊದಲೇ ಪೆಟ್ರೋಲು ತುಂಬಿಸಿರಿ, ದಾರಿಯ ನಕ್ಷೆಯನ್ನು ಕಾಗದದಲ್ಲಿಯೂ ಇಟ್ಟುಕೊಳ್ಳಿರಿ. ಮುಸ್ಸಂಜೆಗೆ ಮುನ್ನ ಬಿಡಾರ ಸೇರಿರಿ. ಪ್ರದಕ್ಷಿಣೆಯಲ್ಲಿ ಅವಸರ ಸಲ್ಲದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಗುಡಿಗೆ ಮಾತ್ರ ಹೇಳಿದ ಮಾತಲ್ಲವೆಂದು ನಾವು ಆ ಬೆಟ್ಟದ ಮೇಲೆ ಅರಿತೆವು.